ಡಬ್ಬಿಯ ತಳದ ಉಮಿ

ಈ ಮೇ ತಿಂಗಳಿನಲ್ಲಿ ನನ್ನ ಮೊಮ್ಮಗಳು ಮೂಡುಬಿದಿರೆಯಲ್ಲಿ ನಮ್ಮ ಚರ್ಚಿನ ಸಭೆಯವರು ನಡೆಸುವ ಮಕ್ಕಳ ಬೇಸಿಗೆ ಶಿಬಿರಕ್ಕೆ ಟೀಚರ್ ಆದಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಮೈಕು! ನಾನು ಕಲಿತದ್ದು ಮೂರನೇ ಕ್ಲಾಸು, ಆ ಖುಷಿಯನ್ನು ಬರೆಯಲು ನನಗೆ ಬರುವುದಿಲ್ಲ. ಬಂಟ್ವಾಳದಿಂದ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿಕೊಂಡೇ ಹೋದೆ.

ಸಮಾರೋಪದ ಬೆಳಿಗ್ಗೆ ಅವಳು ತನ್ನ ಭಾಷಣವನ್ನು ನನಗೆ ಓದಿ ಹೇಳಿದಳು. ಶಿಬಿರ ಕಟ್ಟಿದವರು ಒಬ್ಬರು ಮೇಷ್ಟ್ರು, ಅವರ ಹೆಂಡತಿ ಟೀಚರಮ್ಮ, ಮತ್ತೆ ದಿನವೂ ಹಿಡಿ ಅಕ್ಕಿ ತೆಗೆದಿಟ್ಟು ಕೊಟ್ಟ ಕೆಲವು ಮನೆಯ ಹೆಂಗಸರು. "ಅವರಲ್ಲಿ ಈಗ ಉಳಿದವಳು ನನ್ನ ಅಜ್ಜಿ ಒಬ್ಬಳೇ" ಎಂದು ಬರೆದಿದ್ದಳು.

"ಹೇಗುಂಟು ಅಜ್ಜಿ?"

"ನನ್ನ ಸುದ್ದಿ ಓದ್ಬೇಡ."

"ಎಂತ, ಈಗ ನಾಚಿಕೆಯಾ? ಬಸ್ಸಿನವರಿಗೆಲ್ಲ ನನ್ನ ಸುದ್ದಿ ಹೇಳುವಾಗ ಇರ್ಲಿಲ್ವಾ?"

ಹೇಳಲೇಬೇಕಾಯಿತು. ಒಲೆಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ಡಬ್ಬಿಗೆ ಹಾಕುವುದು ನಮ್ಮ ಸಭೆಯ ಕ್ರಮ. ಮೊದಲನೇ ಶಿಬಿರದ ಊಟಕ್ಕೆ ಆ ಡಬ್ಬಿಗಳೇ ಆಧಾರ. ನಾನೂ ಹಾಕಿದ್ದೆ. ಆದರೆ ಆಟಿ ತಿಂಗಳ ಮಳೆಗೆ ನೇತ್ರಾವತಿ ಹೊಳೆ ಉಕ್ಕಿ ಪೇಟೆಯೊಳಗೆ ಬಂದು, ಬೀಡಿ ಕಟ್ಟಲು ಎಲೆ ಸಿಗುವುದೇ ನಿಂತಿತು. ಡಬ್ಬಿಯ ಅಕ್ಕಿ ಬೇಯಿಸಿ ಉಂಡೆವು. ಆಮೇಲೆ ತುಂಬಿಸಲು ಆಗಲಿಲ್ಲ. ಕೊಡುವ ದಿನ ಬಂದಾಗ ತಳಕ್ಕೆ ಭತ್ತದ ಉಮಿ ಒತ್ತಿ, ಮೇಲೆ ನಾಲ್ಕು ಹಿಡಿ ಅಕ್ಕಿ ಹರಡಿದೆ.

ಟೀಚರಮ್ಮ ಮನೆಮನೆಯ ಡಬ್ಬಿಯ ಅಕ್ಕಿಯನ್ನು ಗೋಣಿಗೆ ಸುರಿದುಕೊಂಡು ಬಂದರು. ನನ್ನದನ್ನು ಬಗ್ಗಿಸಿದರು. ಉಮಿ ಕಾಣುತ್ತಲೇ ಕೈ ನಿಂತಿತು. ಮುಚ್ಚಳ ಹಾಕಿ, "ಇದನ್ನು ಹೀಗೇ ಕೊಂಡುಹೋಗ್ತೇನೆ. ಶಿಬಿರದ ಅಡುಗೆಗೆ ನೀನೇ ಬರ್ಬೇಕು ಆಯ್ತಾ?" ಎಂದರು. ಯಾರಿಗೂ ಹೇಳಲಿಲ್ಲ. ಮಂಡಿ ಸೋಲುವವರೆಗೆ ನಾನು ಪ್ರತಿ ವರ್ಷ ಅಲ್ಲಿ ಅಡುಗೆ ಮಾಡಿದೆ. ಅವರು ತೀರಿಹೋಗುವವರೆಗೂ ನಾನು ತಪ್ಪಾಯಿತು ಎನ್ನಲಿಲ್ಲ.

ಮೊಮ್ಮಗಳು ಕೇಳಿದಳು: "ಆಗ ಅಮ್ಮನಿಗೆ ಎಷ್ಟು ವರ್ಷ?"

"ಎರಡು."

"ಹಾಗಾದ್ರೆ ಅದು ತಪ್ಪಲ್ಲ ಅಜ್ಜಿ."

"ಅಕ್ಕಿ ಬೇಯಿಸಿದ್ದು ತಪ್ಪಲ್ಲ. ಉಮಿ ತುಂಬಿಸಿದ್ದು?"

ಸಂಜೆ ನನ್ನ ಹೆಸರು ಬರುವಲ್ಲಿಗೆ ಓದು ನಿಲ್ಲಿಸಿ ಮೈಕನ್ನು ನನ್ನ ಕೈಗೆ ಕೊಟ್ಟಳು. ಎಲ್ಲವನ್ನೂ ಹೇಳಿದೆ. ದೊಡ್ಡವರು ತಲೆ ತಗ್ಗಿಸಿದರು. ಎದುರಿನ ಚಾಪೆಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ಮತ್ತೆ ಊಟ ಕಡಿಮೆ ಆಗ್ಲಿಲ್ವಾ ಅಜ್ಜಿ?"

"ಆಯ್ತು ಮಗಾ. ಕೊನೆಯ ದಿನ ಎಲ್ಲರಿಗೂ ಸಾಕಾಗ್ಲಿಲ್ಲ. ಟೀಚರಮ್ಮ ಹಸಿವಿಲ್ಲ ಅಂತ ಹೇಳಿ ತಮ್ಮ ಬಟ್ಟಲನ್ನು ನನ್ನ ಕಡೆ ದೂಡಿದ್ರು."

"ನೀವು ಎಂತ ಮಾಡಿದ್ರಿ?"

"ನಾನು ಉಂಡೆ."