ಕೊಡ ಬಿದ್ದ ಮೇಲೆ ಅಜ್ಜಿ ಏನು ಮಾಡಿದಳು

ಅವರ ಕುತ್ತಿಗೆ ಸದಾ ಬಲಕ್ಕೆ ವಾಲಿಕೊಂಡಿರುತ್ತಿತ್ತು. ಜೆರಾಕ್ಸ್ ಯಂತ್ರದಿಂದ ಹಾಳೆಗಳು ಅಡ್ಡಡ್ಡ ಹೊರಗೆ ಬರುತ್ತವಲ್ಲ, ಅವನ್ನು ತಿರುಗಿಸುವಷ್ಟು ತಾಳ್ಮೆಯಿಲ್ಲದೆ ಬಂದ ಹಾಗೆಯೇ ಓದಿ ಓದಿ ಆದ ವಾಲು ಅದು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಂತ್ರದ ಮಸಿ ಕೂತು, ಎಷ್ಟು ತೊಳೆದರೂ ಹೋಗದಷ್ಟು ಕಪ್ಪಾಗಿತ್ತು. ಬೀದಿಯಲ್ಲಿ ನಡೆಯುವಾಗಲೂ ತಲೆ ಹಾಗೇ ಓರೆ. ಎದುರು ಸಿಕ್ಕವರನ್ನೂ ಅಡ್ಡವಾಗಿ ಓದುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಬೇಕರಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿ ಅವರದು. ಕಾಲೇಜಿನವರೆಲ್ಲ ಅವರನ್ನು ಜೆರಾಕ್ಸ್ ಅಣ್ಣ ಎನ್ನುತ್ತಿದ್ದೆವು. ಪಹಣಿ, ಆಧಾರ್, ಜಾತಕ, ಕೋರ್ಟಿನ ನೋಟೀಸು, ರಕ್ತ ಪರೀಕ್ಷೆಯ ವರದಿ, ಏನೇ ಕೊಡಿ, ಅವರು ಓದದೆ ವಾಪಸು ಕೊಡುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ರೇಗಿ, “ನಕಲು ತೆಗೀರಿ ಅಂದ್ರೆ ಓದ್ತಾ ಕೂತ್ರಲ್ಲ!” ಅಂದಳು. ಅವರು ಸ್ವಲ್ಪವೂ ನಾಚದೆ, “ಕಣ್ಣಿದ್ದಲ್ಲ ತಂಗಿ, ಎಂತ ಮಾಡೂದು?” ಅಂದರು. ಹಾಗಂತ ಓದಿದ್ದನ್ನು ಹೊರಗೆ ಆಡಿದವರಲ್ಲ. ಅರ್ಧ ತಾಲ್ಲೂಕಿನ ಗುಟ್ಟು ಆ ಓರೆ ತಲೆಯೊಳಗೆ ಭದ್ರವಾಗಿತ್ತು.

ನಾನು ಹೊಸನಗರ ದಾರಿಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು, ಫೇಲಾದವರಲ್ಲೂ ಮೊದಲನೆಯವಳು. ಬಿ.ಎ. ಕೊನೆಯ ವರ್ಷದಲ್ಲಿ ಉಳಿದದ್ದೆಲ್ಲ ಪಾಸಾಗಿ ಕಾವ್ಯದ ಪತ್ರಿಕೆಯೊಂದು ಹೋಯಿತು. ಹೋದ ಬಗೆ ಹೇಳಲು ಈಗಲೂ ನಾಚಿಕೆ. ದೊಡ್ಡ ಪ್ರಬಂಧದ ಪ್ರಶ್ನೆಗೆಂದು ಹದಿನಾರು ಪುಟದ ನೋಟ್ಸನ್ನು ಒಂದಕ್ಷರ ಬಿಡದೆ ಉರು ಹೊಡೆದಿದ್ದೆ. ಪರೀಕ್ಷೆಯ ಕೋಣೆಯಲ್ಲಿ ಎರಡನೇ ಪುಟದ ನಡುವೆ ‘ಅಂತೆಯೇ’ ಎಂದು ಬರೆದವಳಿಗೆ ಮುಂದಿನ ಪದ ಬರಲಿಲ್ಲ. ಅದು ಬರದ ಮೇಲೆ ಅದರ ಮುಂದಿನದೆಲ್ಲ ಸಾಲಾಗಿ ಕೈಕೊಟ್ಟಿತು. ಗಂಟೆ ಹೊಡೆಯುವವರೆಗೆ ‘ಅಂತೆಯೇ’ಯನ್ನು ನೋಡುತ್ತ ಕೂತಿದ್ದೆ.

ಅಪ್ಪ ಬೈಯಲಿಲ್ಲ, ಅದೇ ಕಷ್ಟವಾದದ್ದು. “ಇದೊಂದ್ಸಲ ನೋಡಣ. ಆಗ್ಲಿಲ್ಲ ಅಂದ್ರೆ ತೀರ್ಥಹಳ್ಳಿಗೆ ಚಿಕ್ಕಮ್ಮನ ಹತ್ರ ಹೋಗಿ ಹೊಲಿಗೆ ಕಲ್ತ್ಕ,” ಅಂದರು. ಹೊಲಿಗೆ ಕೆಟ್ಟ ಕೆಲಸವೇನಲ್ಲ. ಆದರೆ ನನಗೆ ಮೇಷ್ಟ್ರಾಗುವ ಹುಚ್ಚು. ಈ ಪತ್ರಿಕೆ ಪಾಸಾಗದೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದೆ ಶಾಲೆ ಇಲ್ಲ. ಆದ್ದರಿಂದ ಎರಡನೇ ಸಲ ಇನ್ನೂ ಗಟ್ಟಿಯಾಗಿ ಉರು ಹೊಡೆಯಲು ಕೂತೆ. ಓದಲೆಂದು ದಿನಾ ಸಾಗರದ ಕಾಲೇಜಿಗೆ ಹೋಗುತ್ತಿದ್ದೆ. ಒಂದೊಂದು ಬಸ್‌ ಸ್ಟಾಪಿಗೆ ಒಂದೊಂದು ಪ್ಯಾರಾ ಎಂದು ಕಟ್ಟಿಕೊಂಡೆ. ಸಾಗರ ಬರುವಷ್ಟರಲ್ಲಿ ಪ್ರಬಂಧದ ಅರ್ಧ ಮುಗಿಯಬೇಕು, ಊರಿಗೆ ಮರಳುವಷ್ಟರಲ್ಲಿ ಉಪಸಂಹಾರ. ನಾನು ಒಬ್ಬಳೇ ಗೊಣಗುವುದನ್ನು ನೋಡಿ ಕಂಡಕ್ಟರು ನನ್ನ ಪಕ್ಕದ ಸೀಟಿಗೆ ಯಾರನ್ನೂ ಕೂರಿಸುತ್ತಿರಲಿಲ್ಲ.

ಆ ದಿನ ಹಾಲ್ ಟಿಕೆಟ್ಟಿನ ನಕಲು ತೆಗೆಸಲು ಅಂಗಡಿಯ ಮುಂದೆ ನಿಂತಿದ್ದೆ. ಬಾಯಿ ತನ್ನ ಪಾಡಿಗೆ ಓಡುತ್ತಿತ್ತು. ‘ಕೊಡವು ಕೈತಪ್ಪಿ ಬಾವಿಗೆ ಬಿದ್ದಾಗ ಮುದುಕಿಯು ಗ್ರಾಮೀಣ ಭಾಷೆಯ ಸೊಗಡನ್ನು ಎತ್ತಿ ಹಿಡಿಯುತ್ತಾಳೆ.’

“ನಿಲ್ಲು, ನಿಲ್ಲು,” ಅಂದರು ಜೆರಾಕ್ಸ್ ಅಣ್ಣ. “ಎಂತ ಎತ್ತಿ ಹಿಡಿತಾಳೆ?”

“ಸೊಗಡು ಅಣ್ಣ. ಭಾಷೆಯ ಸೊಗಡು.”

“ಬಾವಿಗೆ ಬಿದ್ದಿದ್ದು ಕೊಡ. ಆ ಹೊತ್ತಲ್ಲಿ ಸೊಗಡು ತಗಂಡು ಎಂತ ಮಾಡ್ತಾಳೆ ಮಾರಾಯ್ತಿ?”

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ನೋಟ್ಸಿನಲ್ಲಿ ಹೀಗೇ ಇದೆ ಎಂದು ತೆಗೆದು ತೋರಿಸಿದೆ. ಅವರು ಓದಲಿಲ್ಲ. ಮೂರನೇ ಪುಟದ ಕೊನೆಯ ಸಾಲಿನ ಕೆಳಗೆ ಕಪ್ಪು ಉಗುರನ್ನು ಇಟ್ಟು, “ಇಲ್ಲಿ ಎರಡು ಸಾಲು ಇತ್ತು. ಕತ್ತರಿಸಿದ್ದು ನಾನು,” ಅಂದರು.

ಆಮೇಲೆ ಕಥೆ ಹೊರಬಿತ್ತು. ಎಷ್ಟೋ ವರ್ಷದ ಹಿಂದೆ, ಒಳ್ಳೆಯ ಅಂಕ ತೆಗೆದಿದ್ದ ಒಬ್ಬ ಹುಡುಗಿಯ ಕೈಬರಹದ ನೋಟ್ಸು ಅವರ ಅಂಗಡಿಗೆ ಬಂದಿತ್ತು. ಅವಳು ಬರೆದದ್ದು ಫುಲ್‌ಸ್ಕೇಪ್‌ ಹಾಳೆಯಲ್ಲಿ, ಅಂಗಡಿಯಲ್ಲಿ ಅವತ್ತು ಇದ್ದದ್ದು ಅದಕ್ಕಿಂತ ಗಿಡ್ಡದ ಎ-ಫೋರ್. ಪ್ರತಿ ಪುಟದ ಬುಡದಲ್ಲೂ ಒಂದೆರಡು ಸಾಲು ಹೊರಗುಳಿದವು. ಕೆಲವು ಪುಟಗಳಲ್ಲಿ ಅದರಿಂದ ಏನೂ ಕೆಡಲಿಲ್ಲ. ಮೂರನೇ ಪುಟ ಮಾತ್ರ ‘ಬಾವಿಗೆ ಬಿದ್ದಾಗ ಮುದುಕಿಯು’ ಎಂಬಲ್ಲಿ ನಿಂತಿತು, ನಾಲ್ಕನೆಯದು ಸೊಗಡಿನಿಂದ ಶುರುವಾಯಿತು. ಅಣ್ಣ ನಕಲು ಓದಿ ಗಮನಿಸುವಷ್ಟರಲ್ಲಿ ಹುಡುಗಿ ಮೂಲ ತೆಗೆದುಕೊಂಡು ಹೋಗಿದ್ದಳು, ನಕಲು ಊರಲ್ಲಿ ಉಳಿಯಿತು. ನಕಲಿನ ನಕಲು ತೀರ್ಥಹಳ್ಳಿಯವರೆಗೂ ಹೋಯಿತು. ಈಗ ಅದನ್ನೇ ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಹಾಕಿದ್ದಾರೆ, ಪ್ರಿಂಟಿಗೆ ಮತ್ತೆ ಅವರ ಬಳಿಗೇ ಬರುತ್ತದೆ. ವರ್ಷ ವರ್ಷವೂ ಅಜ್ಜಿ ಕೊಡ ಬೀಳಿಸಿ ಸೊಗಡು ಎತ್ತುತ್ತಲೇ ಇದ್ದಳು. ಬರೆದವರು ಪಾಸಾಗುತ್ತಲೂ ಇದ್ದರು.

“ಪರೀಕ್ಷೆ ಬಂದಾಗೆಲ್ಲ ಕೇಳ್ತೆ ನಾನು. ಕೊಡ ಬಿದ್ದ ಮೇಲೆ ಅಜ್ಜಿ ಎಂತ ಮಾಡಿದ್ಲು ಅಂತ. ಒಬ್ರಿಗೂ ಗೊತ್ತಿಲ್ಲೆ,” ಅಂದರು. ಆಮೇಲೆ, “ಅಲ್ಲಾ ಕೂಸೇ, ಪದ್ಯ ಎಲ್ಲಿದ್ದು?” ಅಂತ ಕೇಳಿದರು.

“ಪಠ್ಯಪುಸ್ತಕದಲ್ಲಿ.”

“ನೀನು ಓದಿದ್ಯನೇ?”

ನಾನು ಓದಿರಲಿಲ್ಲ. ಹದಿನಾರು ಪುಟ ಬಾಯಿಪಾಠ ಮಾಡಿದ್ದೆ, ಪದ್ಯವನ್ನು ಕಣ್ಣಿಂದ ಕಂಡಿರಲಿಲ್ಲ. ನಾನೊಬ್ಬಳೇ ಅಲ್ಲ, ಯಾರೂ ಓದುತ್ತಿರಲಿಲ್ಲ. ನೋಟ್ಸು ಇರುವಾಗ ಪುಸ್ತಕ ಯಾಕೆ ಎಂಬುದೇ ನಮ್ಮ ರೂಢಿ. ಆದರೂ ಒಬ್ಬ ಅಂಗಡಿಯವನ ಎದುರು ‘ಇಲ್ಲ’ ಎನ್ನುವಾಗ ಮುಖ ಸುಟ್ಟಂತಾಯಿತು.

ಮರುದಿನ ಲೈಬ್ರರಿಯಿಂದ ಪುಸ್ತಕ ತಂದೆ. ಅಣ್ಣನಿಗೆ ನಕಲು ತೆಗೆಯುವ ಯೋಚನೆಯೇ ಬರಲಿಲ್ಲ. ಬೇಕರಿಯ ನಲ್ಲಿಯಲ್ಲಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಯಂತ್ರ ಆರಿಸಿ ಸ್ಟೂಲಿನ ಮೇಲೆ ಕೂತರು. ಪುಸ್ತಕ ನೆಟ್ಟಗೆ ಹಿಡಿದಿದ್ದರು, ತಲೆ ಮಾತ್ರ ಅಭ್ಯಾಸಬಲದಿಂದ ಓರೆ. ಆಧಾರ್ ಕಾರ್ಡು ಹಿಡಿದು ಬಂದ ಮುದುಕರೊಬ್ಬರಿಗೆ ತಿರುಗಿಯೂ ನೋಡದೆ “ಐದು ನಿಮಿಷ” ಅಂದರು.

ಸಣ್ಣ ಪದ್ಯ ಅದು, ಒಂದು ಪುಟ ತುಂಬುವಷ್ಟೂ ಇಲ್ಲ. ಮುದುಕಿ ನೀರು ಸೇದುತ್ತಾಳೆ. ಕುಣಿಕೆ ಸಡಿಲಾಗಿ ಕೊಡ ಜಾರುತ್ತದೆ. ಅವಳು ಕಿರುಚುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಬಗ್ಗಿ ಒಂದು ಗಳಿಗೆ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಕೈಯಲ್ಲಿ ಉಳಿದ ಹಗ್ಗವನ್ನೂ ಮೆಲ್ಲಗೆ ಬಾವಿಗೆ ಬಿಟ್ಟು ಮನೆಗೆ ನಡೆಯುತ್ತಾಳೆ. ಅಲ್ಲಿಗೆ ಮುಗಿಯಿತು.

ಅಣ್ಣ ಮೂರು ಸಲ ಓದಿದರು. “ಹಗ್ಗ ಎಂತಕ್ಕೆ ಬಿಟ್ಲು?” ಅಂದರು. ಇಷ್ಟು ವರ್ಷ ಕಾದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿ ಒಂದು ನಿಮಿಷವೂ ಆಗಿರಲಿಲ್ಲ, ಅದರ ಬೆನ್ನಿಗೇ ಇನ್ನೊಂದು.

ಅಲ್ಲಿಂದ ಮುಂದಿನ ಹತ್ತು ದಿನ ಹಗ್ಗದ್ದೇ ಮಾತು. ಬಸ್ಸಿಳಿದು ಅಂಗಡಿಯ ಮುಂದೆ ಹಾದರೆ ಸಾಕು, ಒಂದು ಹೊಸ ಕಾರಣ ಕಾದಿರುತ್ತಿತ್ತು. “ಕೊಡವೇ ಹೋದ್ಮೇಲೆ ಹಗ್ಗ ಇಟ್ಕಂಡು ಎಂತ ಉಪ್ಪಿನಕಾಯಿ ಹಾಕೂದಾ?” ಅಂದರು ಒಂದು ದಿನ. “ಇಲ್ಲ, ಅಜ್ಜಿಗೆ ಸಿಟ್ಟು ಬಂದಿತ್ತು,” ಅಂದರು ಮರುದಿನ. ನಾನು, ಸಿಟ್ಟು ಬಂದಿದ್ದರೆ ಎಸೆಯುತ್ತಿದ್ದಳು, ಮೆಲ್ಲಗೆ ಬಿಡುತ್ತಿರಲಿಲ್ಲ ಎಂದೆ. ಅವರು ತಲೆಯನ್ನು ಇನ್ನಷ್ಟು ಓರೆ ಮಾಡಿ, “ಅಡ್ಡಿಲ್ಲೆ. ನಿನ್ನ ಮಾತು ಅಡ್ಡಿಲ್ಲೆ,” ಅಂದರು. ಕಾಲೇಜಿನಲ್ಲಿ ಮೂರು ವರ್ಷ ಕೂತು ನಾನು ಒಂದು ಪದ್ಯದ ಬಗ್ಗೆ ಸ್ವಂತದ್ದೆಂದು ಆಡಿದ ಮೊದಲ ಮಾತು ಅದೇ. ಬಸ್ಸಿನಲ್ಲಿ ಕೂತು ಅದನ್ನೇ ನೆನೆದು ನಗುತ್ತಿದ್ದೆ. ಪದ್ಯವಂತೂ ಕಲಿಯಲು ಕೂರದೆಯೇ ಬಾಯಿಗೆ ಬಂದುಬಿಟ್ಟಿತ್ತು.

ಆದರೆ ದಿನ ಹತ್ತಿರ ಬಂದಂತೆ ಹಳೆಯ ಭಯ ಎದ್ದಿತು. ಒಂದು ಬೆಳಿಗ್ಗೆ ಅವರು ಹಗ್ಗದ ಮಾತು ತೆಗೆದ ಕೂಡಲೇ ರೇಗಿಬಿಟ್ಟೆ. “ನಿಮ್ಗೆ ತಮಾಷೆ ಅಣ್ಣ! ಈ ಸಲ ಫೇಲಾದ್ರೆ ನನ್ನ ಓದು ಮುಗೀತು. ಹಗ್ಗ ಯಾಕೆ ಬಿಟ್ಲು ಅಂತ ಪ್ರಶ್ನೆಪತ್ರಿಕೆಲಿ ಕೇಳಲ್ಲ!”

ಅವರು ಯಂತ್ರದ ಮೇಲಿನ ಧೂಳು ಒರೆಸಿದರು, ಇಲ್ಲದ ಧೂಳನ್ನೂ ಒರೆಸಿದರು. “ತಪ್ಪಾತು ಕೂಸೇ. ಉರು ಹೊಡಿ, ಬೇಡ ಅನ್ನಲ್ಲ. ನೀ ಪಾಸಾಗ್ಬೇಕು,” ಅಂದರು. ನಾನು ಹೊರಟಾಗ ಹಿಂದಿನಿಂದ ಕರೆದು, “ಅಕ್ಷರ ನೆನಪಿಟ್ಟರೆ ಒಂದು ಹೋದ್ರೆ ಎಲ್ಲಾ ಹೋತು. ಅಜ್ಜಿನ ನೆನಪಿಟ್ಕ. ಅವಳು ಎಲ್ಲೂ ಹೋಗಲ್ಲ,” ಎಂದರು.

ಪರೀಕ್ಷೆಯ ಹಿಂದಿನ ದಿನ ನಾನೇ ಹೋದೆ, ರೇಗಿದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಅವರು ಹಗ್ಗದ ಸುದ್ದಿ ಎತ್ತಲೇ ಇಲ್ಲ. ನಾನೇ “ಹೊಸದೇನಾದ್ರೂ ಹೊಳೀತಾ?” ಎಂದು ಕೇಳಬೇಕಾಯಿತು. ಆಗ ಬಾಯಿಬಿಟ್ಟರು. “ಅಷ್ಟು ಆಳದಲ್ಲಿ ಕೊಡ ಒಂದೇ ಇರೂದು ಬೇಡ ಅಂತ ಬಿಟ್ಟಿರಬೇಕು.”

“ಕೊಡಕ್ಕೆ ಬೇಜಾರಾಗುತ್ತಾ ಅಣ್ಣ?” ಎಂದು ನಕ್ಕೆ.

“ಕೊಡಕ್ಕೆ ಅಲ್ಲ. ಅಜ್ಜಿಗೆ ಹಾಗನ್ಸಿರಬಹುದಲ್ಲ,” ಅಂದರು. ಆಮೇಲೆ, “ಪರೀಕ್ಷೆ ಮುಗಿಸಿ ಬಂದು ಹೇಳು, ಎಂತ ಬರೆದೆ ಅಂತ,” ಅಂದರು. ಹ್ಞೂಂ ಅಂದೆ.

ಆ ಪದ್ಯದ ಪ್ರಶ್ನೆಯೇ ಬಂತು. ಮೊದಲ ಮೂರು ಪುಟ ನೋಟ್ಸು ತಾನಾಗಿ ಹರಿಯಿತು. ‘ಬಾವಿಗೆ ಬಿದ್ದಾಗ ಮುದುಕಿಯು’ ಎಂದು ಬರೆದ ಮೇಲೆ ಪೆನ್ನು ನಿಂತಿತು. ಮರೆತು ನಿಂತದ್ದಲ್ಲ. ಮುಂದಿನ ಪದ ಚೆನ್ನಾಗಿ ಗೊತ್ತಿತ್ತು, ಬರೆಯಲು ಮನಸ್ಸು ಬರಲಿಲ್ಲ. ಕಣ್ಣೆದುರು ಚಿಕ್ಕಮ್ಮನ ಹೊಲಿಗೆ ಯಂತ್ರ ಬಂತು. ಆದರೂ ಆಮೇಲಿನದನ್ನೆಲ್ಲ ನೋಟ್ಸು ಬಿಟ್ಟು ಬರೆದೆ.

ಹೊರಗೆ ಬಂದಾಗ ನಮ್ಮೂರ ಬಸ್ಸು ಹೊರಡಲು ನಿಂತಿತ್ತು. ಅಂಗಡಿ ಎರಡು ನಿಮಿಷದ ದಾರಿ. ನಾನು ಬಸ್ಸು ಹತ್ತಿದೆ. ಫೇಲಾದರೆ ಏನು ಮುಖ ತೋರಿಸಲಿ, ಫಲಿತಾಂಶ ಬರಲಿ, ಪಾಸಾದೆ ಎಂದೇ ಹೋಗಿ ಹೇಳೋಣ ಎಂದುಕೊಂಡೆ. ಅವರು ಕೇಳಿದ್ದು ಅದಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಊರಿಂದ ಸಾಗರಕ್ಕೆ ಬೇರೆ ಕೆಲಸವೂ ಇರಲಿಲ್ಲ.

ಪಾಸಾದೆ. ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೆ ಪಾಸು. ಅಪ್ಪ ಹೊಸನಗರದಿಂದ ಜಿಲೇಬಿ ತಂದು ಊರಿಗೆಲ್ಲ ಹಂಚಿದರು. ಅದರಲ್ಲೇ ಒಂದು ಪೊಟ್ಟಣ ಕಟ್ಟಿಕೊಂಡು ಸಾಗರಕ್ಕೆ ಹೋದರೆ ಅಂಗಡಿಯ ಶಟರು ಇಳಿದಿತ್ತು. ಪಕ್ಕದ ಮೊಬೈಲ್ ರಿಪೇರಿಯವರು ಯಾರದೋ ಫೋನು ಬಿಚ್ಚುತ್ತಲೇ, “ಅಣ್ಣ ಹೋಗಿ ಇಪ್ಪತ್ತು ದಿನ ಆಯ್ತಲ್ಲ. ಎದೆನೋವು ಅಂದ್ರು, ಶಿವಮೊಗ್ಗ ಮುಟ್ಲಿಲ್ಲ,” ಅಂದರು. ನನ್ನ ಮುಖ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟರು. “ನೀವಾ ಆ ಪರೀಕ್ಷೆ ಹುಡುಗಿ? ಪರೀಕ್ಷೆ ಮುಗ್ದ ದಿನ ಕೊನೇ ಬಸ್ಸು ಹೋಗೋ ತಂಕ ಬಾಗ್ಲು ಹಾಕ್ಲಿಲ್ಲ ಅವ್ರು. ಯಾರೋ ಎಂತದೋ ಹೇಳಕ್ಕೆ ಬರ್ತಾರೆ ಅಂತ ಕೂತಿದ್ರು.”

ಜಿಲೇಬಿ ರಿಪೇರಿಯವರ ಮೇಜಿನ ಮೇಲೆ ಬಿಟ್ಟು ಬಂದೆ. ಬಸ್ಸಿನಲ್ಲಿ ಊರು ಬರುವವರೆಗೂ ಅತ್ತೆ.

ಈಗ ಕೋಣಂದೂರಿನ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನಗೆ ಸಂಬಳ, ಗೌರವ, ಎಲ್ಲ ಆ ಉತ್ತರಪತ್ರಿಕೆಯಿಂದ ಬಂದದ್ದು. ಪಾಸಾ ಎಂದು ಕೇಳಿದವರು ಬಹಳ ಜನ. ಏನು ಬರೆದೆ ಎಂದು ಕೇಳಿದವರು ಒಬ್ಬರೇ. ಅವರಿಗೆ ನಾನು ಹೇಳಲಿಲ್ಲ.

ತಡವಾಗಿ ಹೇಳುತ್ತಿದ್ದೇನೆ, ಅಣ್ಣ. ಮುದುಕಿ ಹಗ್ಗವನ್ನೂ ಬಿಟ್ಟಳು ಎಂದು ಬರೆದೆ. ಯಾಕೆ ಎಂಬುದು ಪದ್ಯದಲ್ಲಿ ಇಲ್ಲ ಎಂದೂ ಬರೆದೆ. ನೋಟ್ಸುಗಳಲ್ಲಿ ಎರಡು ಪುಟಕ್ಕೊಬ್ಬರು ವಿಮರ್ಶಕರು ಬಂದು ಅಭಿಪ್ರಾಯಪಟ್ಟು ಹೋಗುತ್ತಾರಲ್ಲ, ಹಾಗೆ ನಾನೂ ಒಬ್ಬರನ್ನು ತಂದೆ. ‘ಅಷ್ಟು ಆಳದಲ್ಲಿ ಕೊಡ ಒಂಟಿಯಾಗಿ ಇರುವುದು ಬೇಡವೆಂದು ಮುದುಕಿಯು ಹಗ್ಗವನ್ನೂ ಬಿಟ್ಟಿರಬೇಕು ಎಂದು ಸಾಗರದ ಹಿರಿಯ ವಿಮರ್ಶಕರೊಬ್ಬರು ಅಭಿಪ್ರಾಯಪಡುತ್ತಾರೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಅದಕ್ಕೆ ಅಂಕ ಬಿತ್ತೋ ಇಲ್ಲವೋ ಗೊತ್ತಿಲ್ಲ. ಆ ಸಂಜೆಯೇ ಬಂದು ಹೇಳಬೇಕಿತ್ತು.