ಕಿಟಕಿ ಮುಚ್ಚಿಕೊಂಡು ಸಮುದ್ರ ನೋಡಿದ್ದು

ಬೇಸಿಗೆಯ ಮಧ್ಯಾಹ್ನ ಕಿಟಕಿ ತೆರೆದಿಟ್ಟುಕೊಂಡು ಕೂತವರನ್ನು ಕಂಡರೆ ನನಗೆ ಈಗಲೂ ಎದ್ದುಹೋಗಿ ಮುಚ್ಚಿಬಿಡೋಣ ಎನಿಸುತ್ತದೆ. ಮನೆ ನನ್ನದಲ್ಲದಿದ್ದರೂ ಸರಿ. ಇದು ರೋಗವಲ್ಲ, ರಾಯಚೂರು. ನಮ್ಮ ಕಡೆ ಏಪ್ರಿಲ್ ಕಾಲಿಟ್ಟಿತೆಂದರೆ ಬೆಳಿಗ್ಗೆ ಹತ್ತಕ್ಕೆಲ್ಲ ಕಿಟಕಿ ಬಾಗಿಲು ಹಾಕಿ, ಗೋಣಿತಟ್ಟಿಗೆ ನೀರು ಹೊಡೆದು ಬಾಗಿಲಿಗೆ ಇಳಿಬಿಟ್ಟು, ಮನೆಯನ್ನು ಕತ್ತಲೆ ಮಾಡಿಕೊಂಡು ಕೂಡುತ್ತೇವೆ. ಹೊರಗೆ ಹೋಗಲೇಬೇಕಾದವರು ಜೇಬಿನಲ್ಲೊಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇಟ್ಟುಕೊಂಡು ಹೋಗುತ್ತಾರೆ, ಝಳ ಬಡಿಯಬಾರದೆಂದು. ಉಳ್ಳಾಗಡ್ಡಿಗೂ ಝಳಕ್ಕೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ನಾನು ಭೂಗೋಳದ ಮಾಸ್ತರ, ವೈದ್ಯನಲ್ಲ. ನನ್ನ ಜೇಬಿನಲ್ಲೂ ಒಂದು ಇರುತ್ತದೆ, ಅಷ್ಟೆ.

ಈ ಅಭ್ಯಾಸದಿಂದಾಗಿ ನನ್ನ ಅಕ್ಕನಿಗೆ ಸಮುದ್ರ ತಪ್ಪಿಹೋಯಿತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ತಕ್ಷಣ ಹೇಳುವ ಧೈರ್ಯವಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸೈರಿಸಿಕೊಳ್ಳಿ.

ನಾವು ದೇವದುರ್ಗದವರು. ಅಪ್ಪ ಕುರಿ ಕಾಯುತ್ತಿದ್ದ. ಅವ್ವ ಬೇಗ ತೀರಿಕೊಂಡಳು. ನನ್ನನ್ನು ಬೆಳೆಸಿದವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ಮದುವೆಯಾಗಿ ಹೋದವಳು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಸುಕಿನಲ್ಲಿ ಬಾವಿಗೆ ಹೋಗಿ ಪಾಳಿ ಹಚ್ಚುವುದು, ಅಂದರೆ ಸರದಿಗೆ ಕೊಡ ಇಟ್ಟು ಕಾಯುವುದು, ಎರಡು ಕೊಡ ನೀರು ತರುವುದು, ಮತ್ತೆ ಹೋಗಿ ಪಾಳಿ ಹಚ್ಚುವುದು. ಬೇಸಿಗೆಯಲ್ಲಿ ಬಾವಿಯ ತಳ ಕಾಣತೊಡಗಿದರೆ ಪಾಳಿ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು. ಊರೆಲ್ಲ ಕಿಟಕಿ ಹಾಕಿಕೊಂಡು ಮಲಗಿದ್ದಾಗ ಅಕ್ಕ ಬಾವಿಯ ಕಟ್ಟೆಯ ಮೇಲೆ ಇರುತ್ತಿದ್ದಳು. ಅವಳು ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲೇ ಇಲ್ಲ.

ಸಮುದ್ರದ ಹುಚ್ಚನ್ನು ಅವಳಿಗೆ ಹಚ್ಚಿದವನು ನಾನೇ. ಏಳನೆಯ ತರಗತಿಯಲ್ಲಿದ್ದಾಗ ಪಾಠವನ್ನು ಗಟ್ಟಿಯಾಗಿ ಓದಬೇಕು, ಆಗ ತಲೆಗೆ ಹತ್ತುತ್ತದೆ ಎಂದು ಮಾಸ್ತರರು ಹೇಳಿದ್ದರು. ನಾನು ಗಟ್ಟಿಯಾಗಿ ಓದುತ್ತಿದ್ದೆ, ತಲೆಗೆ ಹತ್ತಿದ್ದು ಅಕ್ಕನಿಗೆ. ಭೂಮಿಯ ಮುಕ್ಕಾಲು ಪಾಲು ನೀರು ಎಂದು ಓದಿದ ದಿನ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮುಕ್ಕಾಲು? ಖರೇನ?"

"ಖರೇನ ಯಕ್ಕಾ, ಬರದಾರ."

"ಮತ್ತ ನಮಗ್ಯಾಕ ಎರಡ ಕೊಡ?"

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮುಂದೆ ಬಿ.ಎಡ್. ಮುಗಿಸಿದ ಮೇಲೂ ನನಗೆ ಸಿಕ್ಕಿಲ್ಲ. ಅಕ್ಕ ಮಾತ್ರ ಅಂದಿನಿಂದ ಒಂದೇ ಮಾತು ಹಿಡಿದಳು: "ಪಾಳಿ ಇಲ್ಲದ ನೀರು ಒಮ್ಮಿ ನೋಡಬೇಕೋ ತಮ್ಮಾ. ಕುಡಿಯಾಕ ಬರದಿದ್ರ ಅಷ್ಟ ಹೋಗ್ಲಿ. ಮುಂದ ನಿಂತು ಕಣ್ಣು ತುಂಬ ನೋಡಬೇಕು."

ಬಂಗಾರ ಬೇಕೆಂದು, ಸೀರೆ ಬೇಕೆಂದು ಅವಳು ಎಂದೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ. ತೋರಿಸುತ್ತೇನೆ ಎಂದು ನಾನು ಏಳನೆಯ ತರಗತಿಯಲ್ಲೇ ಮಾತು ಕೊಟ್ಟುಬಿಟ್ಟೆ. ಆ ವಯಸ್ಸಿನಲ್ಲಿ ಮಾತು ಕೊಡುವುದು ಬಲು ಸುಲಭ.

ನಮ್ಮ ಪುರಾಣದವರು ಸಮುದ್ರದ ವಿಷಯದಲ್ಲಿ ಉದಾರಿಗಳು. ಒಂದಲ್ಲ, ಏಳು ಇಟ್ಟಿದ್ದಾರೆ. ಉಪ್ಪಿನದು, ಕಬ್ಬಿನ ಹಾಲಿನದು, ಸುರೆಯದು, ತುಪ್ಪದ್ದು, ಮೊಸರಿನದು, ಹಾಲಿನದು, ಸಿಹಿನೀರಿನದು. ಇಷ್ಟೆಲ್ಲ ಇದ್ದೂ ಭರತಖಂಡದ ಸುತ್ತ ಇಟ್ಟದ್ದು ಮಾತ್ರ ಉಪ್ಪಿನದನ್ನು. ಪಾಲು ಹಂಚುವಾಗ ನಮ್ಮವರು ಯಾರೂ ಅಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅಕ್ಕನಿಗೆ ಈ ಪಟ್ಟಿ ಹೇಳಿದಾಗ ಅವಳು ಗಮನವಿಟ್ಟು ಕೇಳಿ, "ಮೊಸರಿಂದು ಅದ ಅಂದ್ರ ಮಜ್ಜಿಗಿದೂ ಇರಬೇಕಲ್ಲೋ, ಸರಿಯಾಗಿ ನೋಡು" ಎಂದಳು. ಅದು ಮೇ ತಿಂಗಳು.

ನಮ್ಮ ಜಿಲ್ಲೆಯದು ಇನ್ನೊಂದು ವಿಚಿತ್ರ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಾವು. ಎರಡೂ ನಮ್ಮ ಪಕ್ಕದಲ್ಲೇ ಹಾದು ಸಮುದ್ರಕ್ಕೆ ಹೋಗುತ್ತವೆ. ಒಮ್ಮೆ ಅಕ್ಕನನ್ನು ದೇವಸುಗೂರಿಗೆ ಕರೆದುಕೊಂಡು ಹೋಗಿದ್ದೆ. ಸುಗೂರೇಶ್ವರನಿಗೆ ಕಾಯಿ ಒಡೆಸಿ ಬಂದು ಹೊಳೆಯ ದಂಡೆಯಲ್ಲಿ ಕೂತೆವು. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು, ಹೇಳಿದೆ. "ಇದಕ್ಕಾದರ ಯೋಗ ಅದ ನೋಡು" ಎಂದು ಎದ್ದಳು. ನನಗೆ ಕೃಷ್ಣೆಯ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಹುದು.

ನಾನು ಮಾನ್ವಿಯ ಹೈಸ್ಕೂಲಿಗೆ ಭೂಗೋಳದ ಮಾಸ್ತರನಾಗಿ ಸೇರಿದೆ. ವರ್ಷ ವರ್ಷವೂ ಸಮುದ್ರ ಕಲಿಸುತ್ತಿದ್ದೆ. ಭರತ, ಇಳಿತ, ಖಾರಿ, ಕೊಲ್ಲಿ, ಎಲ್ಲವೂ ಬಾಯಿಪಾಠ. ಹಿರೇಕೊಟ್ನೆಕಲ್ಲಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನೀವು ನೋಡೀರೇನ್ರಿ?" ಎಂದು ಕೇಳಿದಳು. ನಾನು ಕರೀಹಲಗೆಯ ಕಡೆ ತಿರುಗಿ ಒರೆಸತೊಡಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಕೊನೆಗೂ ಯೋಗ ಕೂಡಿಬಂತು. ನಮ್ಮ ಹೆಡ್‌ಮಾಸ್ತರರು ಬೇಸಿಗೆ ರಜೆಯಲ್ಲಿ ಬಸ್ಸು ಗೊತ್ತುಮಾಡಿ, ಮಾನ್ವಿ, ರಾಯಚೂರಿನ ಮಾಸ್ತರರ ಕುಟುಂಬಗಳಿಗೆ ತೀರ್ಥಯಾತ್ರೆ ಹೊರಡಿಸಿದರು. ಉಡುಪಿಯಲ್ಲಿ ದೇವರ ದರ್ಶನ, ಊಟ, ಆಮೇಲೆ ಅರ್ಧ ದಿನ ಕರಾವಳಿ ವಿಹಾರ, ಸಂಜೆಗೆ ಗುಡ್ಡದ ಬದಿಯ ಒಂದು ದೇವಸ್ಥಾನ, ವಿವರಣೆ ಕೊಡಲು ಅಲ್ಲಿಯವನೇ ಒಬ್ಬ ಗೈಡು. ನನ್ನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ನಾನು ದೇವದುರ್ಗಕ್ಕೆ ಓಡಿದೆ. ಅಕ್ಕ ಬಾವಿಯಿಂದ ಬರುತ್ತಿದ್ದಳು. ವಿಷಯ ಹೇಳಿದೆ. ಕೊಡ ಇಳಿಸದೆ ಹಾಗೇ ನಿಂತು, "ಯಾವಾಗ ಬಸ್ಸು?" ಎಂದಳು.

ಗೈಡು ಒಳ್ಳೆಯ ತರುಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪುಸ್ತಕದಿಂದ ಎದ್ದು ಬಂದಂಥ ಕನ್ನಡ. ಮಧ್ಯಾಹ್ನ ಒಂದೂವರೆಗೆ ಹೊರಟೆವು. ಕರಾವಳಿಯ ರಸ್ತೆಯಲ್ಲಿ ಬಡಗಣಕ್ಕೆ ಹೋಗುವವರಿಗೆ ಸಮುದ್ರ ಎಡಗಡೆ, ಅಂದರೆ ಪಡುವಣಕ್ಕೆ. ಮಧ್ಯಾಹ್ನದ ಸೂರ್ಯನೂ ಪಡುವಣಕ್ಕೆ. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡುವ ಬುದ್ಧಿ ಭೂಗೋಳದ ಮಾಸ್ತರನಿಗೆ ಇರಬೇಕಿತ್ತು. ಇರಲಿಲ್ಲ. ಅಕ್ಕನಿಗೆಂದು ಎಡಗಡೆಯ ಕಿಟಕಿಯ ಜಾಗ ಜಗಳವಾಡಿ ಹಿಡಿದು ಹಿಗ್ಗಿದೆ.

ಊರು ದಾಟುವುದರೊಳಗೆ ಬಿಸಿಲು ಮುಖಕ್ಕೆ ಬಂತು. ಆಗ ನಡೆದದ್ದು ನೋಡಿ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಡಗಡೆಯ ಕಿಟಕಿಗಳ ತಗಡಿನ ಷಟರುಗಳು ಮುಂದಿನಿಂದ ಹಿಂದಿನವರೆಗೆ ಧಡ್ ಧಡ್ ಎಂದು ಇಳಿದುಬಿಟ್ಟವು. ಎಲ್ಲರಿಗಿಂತ ಮೊದಲು ಇಳಿಸಿದವಳು ನನ್ನ ಅಕ್ಕನೇ. "ಝಳ ಬಡೀತದ ತಮ್ಮಾ" ಎಂದು ಸೆರಗಿನ ಗಂಟಿನಿಂದ ಉಳ್ಳಾಗಡ್ಡಿ ತೆಗೆದು ನನ್ನ ಕೈಗಿತ್ತಳು. ಜೇಬಿನಲ್ಲಿ ಆಗಲೇ ಒಂದಿತ್ತು, ಎರಡಾಯಿತು. ಬಸ್ಸು ಅರೆಗತ್ತಲಾಯಿತು. ಹೊಟ್ಟೆ ತುಂಬ ಊಟ, ನೆರಳು, ಮಧ್ಯಾಹ್ನ. ಹತ್ತು ನಿಮಿಷದಲ್ಲಿ ಬಸ್ಸೆಲ್ಲ ಗೊರಕೆ.

ಪಾಪ, ಗೈಡು! "ಕಿಟಕಿ ತೆಗೀರಿ ಮಾರಾಯ್ರೇ, ಇನ್ನು ಮುಂದೆ ಸಮುದ್ರ ಉಂಟು, ಬಹಳ ಚಂದ ಉಂಟು" ಎಂದು ಅಂಗಲಾಚಿದ. ಹೆಡ್‌ಮಾಸ್ತರರು ಅರೆಗಣ್ಣು ತೆರೆದು ಅಭಯ ಕೊಟ್ಟರು: "ಇರ್ಲಿ ಬಿಡ್ರಿ, ಸಮುದ್ರ ಎಲ್ಲಿಗೆ ಓಡಿ ಹೋಗ್ತದ? ಬಿಸಿಲು ಇಳೀಲಿ, ಬರೂಮುಂದ ಇಳದು ನೋಡೂಣು."

"ಬರುವಾಗ ಒಳರಸ್ತೆ ಸ್ವಾಮಿ, ಗುಡ್ಡದ ಬದಿಯಿಂದ. ಈ ದಾರಿ ಇಲ್ಲ."

"ಆತು ಆತು" ಎಂದರು ನಿದ್ದೆಯಲ್ಲೇ ನಾಲ್ಕೈದು ಮಂದಿ. ಬಿಸಿಲು ಇಳಿಯದೆ ಮನುಷ್ಯ ಹೊರಗೆ ಕಾಲಿಡುವುದಿಲ್ಲ ಎಂಬುದು ನಮಗೆ ಎಷ್ಟು ಸಹಜವೋ, ಮನುಷ್ಯ ಇಷ್ಟು ದೂರ ಬಂದು ಕಿಟಕಿ ಹಾಕಿಕೊಂಡು ಮಲಗುತ್ತಾನೆ ಎಂಬುದು ಅವನಿಗೆ ಅಷ್ಟೇ ಅಸಹಜ. ಮುಂದಿನ ಸೀಟಿನಲ್ಲಿ ಕೂತು, ಕೇಳುವವರಿಲ್ಲದ ವಿವರಣೆಯನ್ನು ಡ್ರೈವರನಿಗೇ ಹೇಳತೊಡಗಿದ.

ಮರವಂತೆ ಎಂಬಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ನದಿ. ಬಲಗಡೆ ಬಿಸಿಲಿರಲಿಲ್ಲ, ಕಿಟಕಿಗಳು ತೆರೆದಿದ್ದವು. ಎಚ್ಚರವಿದ್ದ ಒಂದಿಬ್ಬರು ನದಿಯನ್ನು ನೋಡಿ, "ಏ, ಥೇಟ್ ನಮ್ಮ ಕೃಷ್ಣಾನಂಗ ಅದ ನೋಡ್ರಿ!" ಎಂದು ಸಂತೋಷಪಟ್ಟರು. ನಾನು ಎಡಗಡೆಯ ಷಟರಿನತ್ತ ತಿರುಗಿದೆ. ಅದು ತಳದಲ್ಲಿ ಪೂರ್ತಿ ಕೂತಿರಲಿಲ್ಲ, ಎರಡು ಬೆರಳಿನಷ್ಟು ಸಂದು ಇತ್ತು. ತಗಡು ಕಾದಿದ್ದರಿಂದ ಕಿಟಕಿಯ ಬದಿಗೆ ನಾನು ಸರಿದಿದ್ದೆ, ಅಕ್ಕ ಈಚೆಗೆ ಬಂದು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ನಾನು ಬಗ್ಗಿ ಸಂದಿಗೆ ಕಣ್ಣು ಹಚ್ಚಿದೆ.

ಮೊದಲು ಏನೂ ತಿಳಿಯಲಿಲ್ಲ, ಬರೀ ಬೆಳಕು. ನಕಾಶೆಯಲ್ಲಿ ನಾನು ಇಷ್ಟು ವರ್ಷ ನೀಲಿ ಬಳಿಸಿದ್ದೆ, ಇದು ಬೆಳ್ಳಗೆ ಕುದಿಯುತ್ತಿತ್ತು. ಆಮೇಲೆ ಅದು ಅಲ್ಲಾಡುತ್ತಿದೆ ಎಂದು ತಿಳಿಯಿತು. ಒಂದು ಕಡೆ ಅಲ್ಲ, ಇದ್ದಷ್ಟೂ ಅಲ್ಲಾಡುತ್ತಿತ್ತು. ಹೊಳೆ ನೋಡಿ ಬೆಳೆದವನ ಕಣ್ಣು ರೂಢಿಯಂತೆ ಆಚೆಯ ದಂಡೆಯನ್ನು ಹುಡುಕುತ್ತ ಹೋಯಿತು, ಹೋಯಿತು, ಎಲ್ಲೂ ಸಿಗಲಿಲ್ಲ. ನಾಲ್ಕು ನಿಮಿಷವೋ ಐದು ನಿಮಿಷವೋ, ಬಸ್ಸು ತಿರುಗಿತು, ಸಂದಿನಲ್ಲಿ ತೆಂಗಿನ ಮರಗಳು ಬಂದವು. ಮುಗಿಯಿತು.

ಸಂಜೆ ಗುಡ್ಡದ ಬದಿಯ ದೇವಸ್ಥಾನದಲ್ಲಿ ಎಲ್ಲರೂ ಹುರುಪಿನಿಂದ ಎದ್ದು, ಮುಖ ತೊಳೆದು, "ಈಗ ನಡೀರಿ ಸಮುದ್ರಕ್ಕ" ಎಂದಾಗ ಗೈಡು ಅಳುವುದೊಂದು ಬಾಕಿ. ಒಳರಸ್ತೆಯಿಂದ ಉಡುಪಿಗೆ ಬಂದು, ಬೆಳಗಾಗುತ್ತಲೇ ಘಟ್ಟ ಹತ್ತಿದೆವು. ಉಡುಪಿಯಿಂದ ಮಲ್ಪೆಯ ಕಡಲು ಐದಾರು ಕಿಲೋಮೀಟರಷ್ಟೇ, ನಸುಕಿನಲ್ಲೆದ್ದು ಹೋಗಿ ಬರಬಹುದಿತ್ತು ಎಂದು ನನಗೆ ಗೊತ್ತಾದದ್ದು ಮಾನ್ವಿಗೆ ಬಂದು ನಕಾಶೆ ಬಿಚ್ಚಿದಾಗ. ಭೂಗೋಳದ ಮಾಸ್ತರನಿಗೆ!

ಒಳರಸ್ತೆಯಲ್ಲಿ ಉಡುಪಿಗೆ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದ್ದಳು, "ಎಲ್ಲದನೋ ತಮ್ಮಾ ಸಮುದ್ರ?"

"ದಾಟಿ ಬಂದ್ವಿ ಯಕ್ಕಾ. ನೀ ಮಲಗಿದ್ದಿ."

"ನೀ ನೋಡಿದೇನು?"

"ಹೂಂ. ಸ್ವಲ್ಪ."

"ಮತ್ತ ಎಬ್ಬಸಬಾರದೇನೋ?"

ನಾನು ಹೇಳಿದೆ: "ಹಗಲಾಗ ನೀ ಎಂದಾದರ ನಿದ್ದಿ ಮಾಡಿದ್ದು ಅದ ಏನು? ಪಾಪ, ಯಾಕ ಎಬ್ಬಸ್ಲಿ ಅಂತ ಸುಮ್ನಾದೆ." ಅಕ್ಕನ ಕಣ್ಣಲ್ಲಿ ನೀರು ಬಂತು. ನನ್ನ ಬೆನ್ನ ಮೇಲೆ ಕೈಯಾಡಿಸಿದಳು.

ಈ ಮಾತು ದೇವದುರ್ಗದ ಓಣಿಯಲ್ಲೆಲ್ಲ ಹಬ್ಬಿತು. ಹಬ್ಬಿಸಿದವಳು ಅವಳೇ. ಸಮುದ್ರ ಕಾಣದೆ ಬಂದವಳು ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದುದು ನನ್ನ ಬಗ್ಗೆ: "ನನ್ನ ನಿದ್ದಿ ಕೆಡಬಾರದಂತ ನಮ್ಮ ತಮ್ಮ ಮಿಸುಕಾಡ್ಲಿಲ್ಲ ನೋಡ್ರೆವ್ವಾ." ನಾನು ಊರಿಗೆ ಹೋದರೆ ಹೆಂಗಸರು ನನ್ನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಸಂಕೋಚದಿಂದ ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದಾಯಿತು, ಈಗ ಹೇಳಿಯೇಬಿಡುತ್ತೇನೆ. ನಾನು ಅಕ್ಕನ ನಿದ್ದೆಯನ್ನು ಕಾಯಲಿಲ್ಲ. ಆ ನಾಲ್ಕೈದು ನಿಮಿಷ ನನಗೆ ಅಕ್ಕನ ನೆನಪೇ ಆಗಲಿಲ್ಲ. ಹೆಗಲ ಮೇಲೆ ಅವಳ ತಲೆಯ ಭಾರ ಇತ್ತು, ಆದರೂ ಆಗಲಿಲ್ಲ.

ಮತ್ತೆ ಕರೆದುಕೊಂಡು ಹೋಗಬೇಕೆಂದುಕೊಂಡೆ. ಒಂದು ವರ್ಷ ಮಗುವಿಗೆ ಜ್ವರ, ಒಂದು ವರ್ಷ ವರ್ಗಾವಣೆ, ಒಂದು ವರ್ಷ ಜನಗಣತಿಯ ಕೆಲಸ. ಸಬೂಬುಗಳಿಗೂ ಪಾಳಿ ಇರಲಿಲ್ಲ. ನಾನು ಮಾತ್ರ ಪಾಠ ಮಾಡುವಾಗ ಆ ಎರಡು ಬೆರಳಿನ ಸಂದಿನ ಬೆಳಕಿಗೆ ಹೋಗಿ ನಿಂತುಬಿಡುತ್ತಿದ್ದೆ. ಮತ್ತೊಮ್ಮೆ ನೋಡಬೇಕೆಂದು ಎಷ್ಟು ಹಂಬಲಿಸುತ್ತಿದ್ದೆನೆಂದರೆ, ಒಮ್ಮೆಯೂ ನೋಡದವಳ ಹಂಬಲ ಎಷ್ಟಿರಬೇಕು ಎಂದು ನೆನೆದು ಪಾಠವನ್ನು ಅರ್ಧಕ್ಕೇ ಬಿಡುತ್ತಿದ್ದೆ.

ಹೀಗೇ ಏಳೆಂಟು ವರ್ಷ ಕಳೆದವು. ಕಳೆದ ಬೇಸಿಗೆಯಲ್ಲಿ ದೇವದುರ್ಗಕ್ಕೆ ಹೋಗಿದ್ದೆ. ಮಧ್ಯಾಹ್ನ, ಕಿಟಕಿ ಹಾಕಿದ ಕತ್ತಲೆಯಲ್ಲಿ ಅಕ್ಕ ಬೀಸಣಿಗೆ ಬೀಸುತ್ತ ಕೂತಿದ್ದಳು. ಕೂದಲು ಪೂರ್ತಿ ನರೆತಿತ್ತು. ಪಕ್ಕದ ಮನೆಯವಳಿಗೆ ಮತ್ತದೇ ಕಥೆ, ಮತ್ತದೇ ನನ್ನ ಹೊಗಳಿಕೆ. ನೆರೆಯಾಕೆ ಎದ್ದುಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಯಕ್ಕಾ, ಅದು ಸುಳ್ಳು. ನಿನ್ನ ನಿದ್ದಿ ಸಲುವಾಗಿ ನಾ ಸುಮ್ನಿರ್ಲಿಲ್ಲ. ಅದನ್ನ ನೋಡೂಮುಂದ ನಂಗ ನಿನ್ನ ನೆನಪ ಆಗ್ಲಿಲ್ಲ. ಮರತ್ಬಿಟ್ಟಿದ್ದೆ."

ಬೀಸಣಿಗೆ ನಿಂತಿತು. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ನನ್ನ ಹತ್ತಿರಕ್ಕೆ ಸರಿದು, ಸಣ್ಣ ದನಿಯಲ್ಲಿ ಕೇಳಿದಳು:

"ನನ್ನ ಮರಿಯೂವಷ್ಟು ಚಂದಿತ್ತೇನೋ ತಮ್ಮಾ?"

ಹೌದೆಂದು ತಲೆಯಾಡಿಸಿದೆ. ಅಕ್ಕ ಎದ್ದು ಸೀರೆ ಕೊಡವಿಕೊಂಡಳು.

"ಹಂಗಾರ ಹೋಗೂಣು ನಡಿ" ಎಂದಳು. "ಈ ಸಲ ನಾ ನಿನ್ನ ಮರೀತೀನಿ."