ಪಡಸಾಲೆಯ ಸಮುದ್ರಕ್ಕೆ ಹಾವಸೆ

ನನ್ನ ಮಾವನವರು ಬೆಟಗೇರಿಯ ಹತ್ತಿ ವ್ಯಾಪಾರಿ. ಏಕೀಕರಣದ ಮೆರವಣಿಗೆ ಓಣಿಗೆ ಬಂದಾಗಲೆಲ್ಲ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತವರು, ರಾಜ್ಯ ಒಂದಾಗುವುದು ಖಾತ್ರಿಯಾದ ಕೂಡಲೇ ಎಲ್ಲರಿಗಿಂತ ದೊಡ್ಡ ಕನ್ನಡಿಗರಾದರು. ಉಳಿದವರು ತೋರಣ ಕಟ್ಟಿದರೆ ಇವರು ಸಮುದ್ರವನ್ನೇ ತರಿಸಿದರು. ಕಾರವಾರದಿಂದ ಲಾರಿಯಲ್ಲಿ ಡಬ್ಬಿಗಟ್ಟಲೆ ಉಪ್ಪುನೀರು, ಬೆರಳುದ್ದದ ಮೂರು ಮೀನು, ಒಂದಿಷ್ಟು ಕಲ್ಲು ಬಂದವು. ಎಲ್ಲವನ್ನೂ ದೊಡ್ಡ ಗಾಜಿನ ಪೆಟ್ಟಿಗೆಗೆ ತುಂಬಿ, ಪಡಸಾಲೆಯಲ್ಲಿ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೇ ಇಟ್ಟರು.

"ಕರ್ನಾಟಕದ ಸಮುದ್ರ ನಮ್ಮ ಪಡಸಾಲ್ಯಾಗ ಐತಿ, ಬಂದು ನೋಡ್ರಿ" ಎಂದು ಊರಿಗೆಲ್ಲ ಹೇಳಿದರು. ಬಂದವರೆದುರು ಮೀನು ಕುಣಿಯಲೆಂದು ಪ್ರತಿ ಸಲ ಒಂದು ಹಿಡಿ ಚುರಮುರಿ ಎಸೆದರು. ಕೆಲವೇ ದಿನಗಳಲ್ಲಿ ಗಾಜಿಗೂ ಕಲ್ಲಿಗೂ ಹಸಿರು ಹಾವಸೆ ಹಿಡಿದು ಮೀನೇ ಕಾಣದಾಯಿತು.

ಅದಕ್ಕೆ ಅವರು ಕಂಡುಹಿಡಿದ ಮದ್ದು, ಕಲ್ಲುಗಳನ್ನು ದಿನಾ ಸಿಹಿನೀರಿನಲ್ಲಿ ತೊಳೆಯುವುದು. ನಮ್ಮ ಹಿತ್ತಲ ಬಾವಿಯದು ಸವಳು ನೀರು, ಅದರಲ್ಲಿ ಬೇಳೆಯೂ ಬೇಯದು. ಸಿಹಿನೀರನ್ನು ಊರಾಚೆಯ ಬಾವಿಯಿಂದ ಹೊತ್ತು ತರುತ್ತಿದ್ದವಳು ನಾನು. ಮನೆಗೆ ಎರಡು ಕೊಡ ಸಾಕಾಗುತ್ತಿತ್ತು; ಈಗ ಮೂರನೆಯದು ಹಾವಸೆಗೆ. ಆಗ ನಾನು ಆರು ತಿಂಗಳ ಬಸುರಿ.

ನಾನು ಹಮ್ಮಿಗಿಯವಳು, ಹೊಳೆದಂಡೆಯಲ್ಲಿ ಬೆಳೆದವಳು. ಬಿಸಿಲಿನ ಕಲ್ಲು ಹಸಿರಾಗುತ್ತದೆ, ನೆರಳಿನದು ಆಗುವುದಿಲ್ಲ ಎಂದು ಬಟ್ಟೆ ಒಗೆಯುವಾಗಲೇ ಕಲಿತಿದ್ದೆ.

"ಮಾವಾರ, ಕಿಡಕಿ ಮುಚ್ಚಿ, ಚುರಮುರಿ ಕಡಿಮಿ ಮಾಡ್ರಿ. ಹಾವಸಿ ತಾನ ಹೋಗ್ತೈತಿ" ಎಂದೆ.

"ಕಿಡಕಿ ಮುಚ್ಚಿದ್ರ ಬಂದವ್ರಿಗೆ ಏನ್ ತೋರಿಸ್ಲಿ? ನಿನಗೇನ್ ತಿಳಿತೈತಿ, ಕೊಡ ತಗೊಂಡು ನಡಿ" ಎಂದರು.

ಆಮೇಲೆ ಅವರು ಹತ್ತಿ ಖರೀದಿಗೆಂದು ಮುಂಡರಗಿ ಕಡೆ ಹತ್ತು ದಿನ ಹೋದರು. ನಾನು ಕಿಟಕಿ ಮುಚ್ಚಿ, ಪೆಟ್ಟಿಗೆಗೆ ಕರಿ ಕಂಬಳಿ ಹೊದಿಸಿದೆ. ದಿನ ಬಿಟ್ಟು ದಿನ ಚಿಟಿಕೆಯಷ್ಟೇ ಚುರಮುರಿ ಹಾಕಿದೆ. ಸಡಿಲಾದ ಹಾವಸೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆದೆ. ಮೂರನೆಯ ಕೊಡ ತರಲೇ ಇಲ್ಲ. ಅವರು ಬರುವ ದಿನ ಕಂಬಳಿ ತೆಗೆದಾಗ ಗಾಜು ತಿಳಿಯಾಗಿತ್ತು, ಮೂರೂ ಮೀನು ಕಾಣುತ್ತಿದ್ದವು.

ಮಾರನೆಯ ದಿನವೇ ಏಕೀಕರಣ. ಅಂದು ಊರಿನ ಹಿರಿಯರೊಬ್ಬರು ಭಾಷಣ ಮುಗಿಸಿ ಸಮುದ್ರ ನೋಡಲು ಬಂದರು. "ಇಷ್ಟು ಸ್ವಚ್ಛ ಹೆಂಗ್ ಇಟ್ಟೀರಿ?" ಎಂದು ಕೇಳಿದರು.

"ಎಲ್ಲಾ ಶಾಸ್ತ್ರೀಯ ಪದ್ಧತಿರಿ. ಸಿಹಿನೀರಿನ ಗುಣ" ಎಂದ ಮಾವನವರು, ಅಷ್ಟಕ್ಕೇ ಬಿಡದೆ ಅಡುಗೆಮನೆಯ ಎರಡೂ ಕೊಡ ತಂದು ಅವರೆದುರೇ ಪೆಟ್ಟಿಗೆಗೆ ಸುರಿದರು.

ಹಿರಿಯರು ಕುಡಿಯಲು ನೀರು ಕೇಳಿದರು. ಹಿತ್ತಲ ಬಾವಿಯ ನೀರನ್ನು ಥಳಥಳಿಸುವ ತಂಬಿಗೆಯಲ್ಲಿ ತಂದುಕೊಟ್ಟೆ. ಒಂದು ಗುಟುಕು ಕುಡಿದು ಅಂಗಳಕ್ಕೆ ಉಗುಳಿದರು.

ಮಾವನವರು ಕೆಂಡವಾದರು. "ಸಿಹಿನೀರು ಎಲ್ಲೈತಿ?"

"ಎರಡೂ ಕೊಡ ನಿಮ್ಮ ಸಮುದ್ರದಾಗ ಅದಾವ್ರಿ, ಮಾವಾರ."

ಹಿರಿಯರು ಶಲ್ಯ ಸರಿಪಡಿಸಿಕೊಂಡು ಎದ್ದು ಹೋದರು. ಮರುದಿನದಿಂದ ಮೂರನೆಯ ಕೊಡವನ್ನು ಯಾರೂ ಕೇಳಲಿಲ್ಲ. ಕಿಟಕಿ ಮಾತ್ರ ಮತ್ತೆ ತೆರೆಯಿತು, ಚುರಮುರಿ ಮತ್ತೆ ಬಿತ್ತು, ಹಾವಸೆ ಮತ್ತೆ ಹಿಡಿಯಿತು. ಆ ಕರಿ ಕಂಬಳಿಯನ್ನು ಮತ್ತೆ ಪೆಟ್ಟಿಗೆಗೆ ಹೊದಿಸದೆ ನಾನೇ ಹಾಸಿಕೊಂಡು ಮಲಗಿದೆ.